ಕಾಣದ ಸುಳಿವು ಕಿವಿಗೆ ಬೀಳುವುದು ಹೇಗೆ?

ಓದುಗರ ಪ್ರಶ್ನೆ: ಷರ್ಲಾಕ್ ಹೋಮ್ಸ್ ಕಥೆಗಳೆಲ್ಲ ನೋಡುವುದರ ಮೇಲೆ ನಿಂತಿವೆ. ಬೂಟಿನ ಕೆಸರು, ಸಿಗಾರ್ ಬೂದಿ, ಹೆಜ್ಜೆ ಗುರುತು. ರೇಡಿಯೋದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಆದರೂ ಇಂಗ್ಲಿಷ್ ಪತ್ತೇದಾರಿ ಕಥೆಗಳನ್ನು ರೇಡಿಯೋ ನಾಟಕ ಮಾಡುತ್ತಲೇ ಬಂದಿದ್ದಾರೆ. ಸುಳಿವನ್ನೇ ತೋರಿಸಲು ಆಗದಿದ್ದರೆ ಕಥೆಯಲ್ಲಿ ಉಳಿಯುವುದೇನು?

ಈ ಪ್ರಶ್ನೆ ನನಗೆ ತುಂಬ ಇಷ್ಟ. ರೇಡಿಯೋ ನಾಟಕದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಚಿಕ್ಕದಾಗಿ ಹೇಳುವುದಾದರೆ, ಸುಳಿವು ಕೊಡುವುದು ರೇಡಿಯೋಗೆ ಅಂಥ ಕಷ್ಟವೇನಲ್ಲ. ಕೊಟ್ಟ ಸುಳಿವನ್ನು ಕೇಳುಗರ ಗಮನದಿಂದ ಬಚ್ಚಿಡುವುದೇ ನಿಜವಾದ ಕಷ್ಟ. ಯಾಕೆ ಎನ್ನುವುದಕ್ಕೆ ಒಂದು ಕಥೆ ಹಿಡಿದುಕೊಂಡು ಹೋಗೋಣ.

1930ರ ಅಕ್ಟೋಬರ್ 20ರಂದು ಅಮೆರಿಕದ ಎನ್‌ಬಿಸಿ ರೇಡಿಯೋದಲ್ಲಿ ಹೋಮ್ಸ್ ಸರಣಿ ಶುರುವಾಯಿತು. ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು ಅಷ್ಟೆ. ಹೋಮ್ಸ್‌ಗೆ ದನಿ ಕೊಟ್ಟವರು ವಿಲಿಯಂ ಜಿಲೆಟ್. 1899ರಲ್ಲೇ ರಂಗದ ಮೇಲೆ ಹೋಮ್ಸ್ ಆಗಿದ್ದ ನಟ. ಮೈಕಿನ ಮುಂದೆ ನಿಂತಾಗ ಅವರಿಗೆ 77 ವರ್ಷ. ನಾಟಕ ಬರೆದವರು ಈಡಿತ್ ಮೈಸರ್. ಮೊದಲ ಕಂತಿಗೆ ಆರಿಸಿದ್ದು ‘ದಿ ಸ್ಪೆಕಲ್ಡ್ ಬ್ಯಾಂಡ್’, 1892ರಲ್ಲಿ ಸ್ಟ್ರಾಂಡ್ ಪತ್ರಿಕೆಯಲ್ಲಿ ಬಂದಿದ್ದ ಕಥೆ. ಇದಕ್ಕಿಂತ ಒಳ್ಳೆಯ ಆಯ್ಕೆ ಇರಲಿಲ್ಲ ಎನ್ನುವುದು ನನ್ನ ನಂಬಿಕೆ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕೊನೆ ಮಾತ್ರ ಹೇಳುವುದಿಲ್ಲ. ಹೆಲೆನ್ ಸ್ಟೋನರ್ ಎಂಬ ಹೆಣ್ಣುಮಗಳು ಬೆಳ್ಳಂಬೆಳಗ್ಗೆ ನಡುಗುತ್ತ ಬೇಕರ್ ಸ್ಟ್ರೀಟಿನ ಹೋಮ್ಸ್ ಮನೆಗೆ ಬರುತ್ತಾಳೆ. ಎರಡು ವರ್ಷದ ಹಿಂದೆ ಅವಳ ಅವಳಿ ಅಕ್ಕ ಜೂಲಿಯಾ, ಮದುವೆಗೆ ಕೆಲವೇ ದಿನ ಇರುವಾಗ, ರಾತ್ರಿ ಸತ್ತಿದ್ದಳು. ಸಾಯುವ ಮುಂಚಿನ ಕೆಲವು ರಾತ್ರಿ ಸರಿಹೊತ್ತಿನಲ್ಲಿ ಅವಳಿಗೆ ಸಣ್ಣಗೆ ಸಿಳ್ಳೆ ಕೇಳಿಸುತ್ತಿತ್ತು. ಸತ್ತ ರಾತ್ರಿ ಹೆಲೆನ್‌ಗೂ ಆ ಸಿಳ್ಳೆ ಕೇಳಿಸಿತು. ಹಿಂದೆಯೇ ಲೋಹದ ವಸ್ತು ಬಿದ್ದಂತೆ ಠಣ್ ಎಂಬ ಸದ್ದು. ಈಗ ಹೆಲೆನ್‌ಗೂ ಮದುವೆ ಗೊತ್ತಾಗಿದೆ. ಮನೆ ರಿಪೇರಿ ನೆಪದಲ್ಲಿ ಅವಳನ್ನು ಅಕ್ಕನ ಕೋಣೆಗೇ ಹಾಕಿದ್ದಾರೆ. ಹಿಂದಿನ ರಾತ್ರಿ ಅದೇ ಸಿಳ್ಳೆ ಮತ್ತೆ ಕೇಳಿದೆ.

ನೋಡಿ, ಕಥೆಯ ಎರಡು ದೊಡ್ಡ ಸುಳಿವುಗಳೂ ಶಬ್ದಗಳೇ. ಪುಸ್ತಕದಲ್ಲಿ ‘ಸಿಳ್ಳೆ’ ಅನ್ನುವುದು ಒಂದು ಪದ. ರೇಡಿಯೋದಲ್ಲಿ ಅದು ನಿಜವಾದ ಸಿಳ್ಳೆ. ನಾವು ಅದನ್ನು ಹೆಲೆನ್ ಪಕ್ಕದಲ್ಲೇ ಕೂತು ಕೇಳುತ್ತೇವೆ.

ಸರಿ, ಕಣ್ಣಿಗೆ ಕಾಣುವ ಸುಳಿವುಗಳ ಕಥೆ ಏನು? ಅದೇ ಕಥೆಯ ಆರಂಭ ನೋಡಿ. ಹೆಲೆನ್ ಬಂದು ಕೂರುತ್ತಿದ್ದಂತೆ ಹೋಮ್ಸ್ ಹೇಳುತ್ತಾನೆ, ನೀವು ರೈಲಿನಲ್ಲಿ ಬಂದಿರಿ, ಅದಕ್ಕೂ ಮೊದಲು ಕುದುರೆ ಗಾಡಿಯಲ್ಲಿ ಬಂದಿರಿ ಎಂದು. ಅವಳು ಬೆಚ್ಚಿಬೀಳುತ್ತಾಳೆ. ಆಮೇಲೆ ಅವನು ವಿವರಿಸುತ್ತಾನೆ. ಅವಳ ಎಡಗೈ ಗ್ಲೌಸಿನಲ್ಲಿ ರಿಟರ್ನ್ ಟಿಕೆಟ್ಟಿನ ಅರ್ಧ ತುಂಡು ಇದೆ. ಜಾಕೆಟ್ಟಿನ ಎಡತೋಳಿಗೆ ಏಳು ಕಡೆ ಕೆಸರು ಸಿಡಿದಿದೆ, ಅದೂ ಹೊಸದಾಗಿ. ಇಲ್ಲಿ ಡಾಯ್ಲ್ ಏನು ಮಾಡಿದ್ದಾರೆ ಗಮನಿಸಿ. ಮೊದಲು ತೀರ್ಮಾನ, ಆಮೇಲೆ ಸಾಕ್ಷಿ. ಹೋಮ್ಸ್ ಬಾಯಿ ಬಿಡುವವರೆಗೆ ಆ ಕೆಸರು ಪುಸ್ತಕ ಓದುವವರಿಗೂ ಕಂಡಿರಲಿಲ್ಲ! ಅಂದರೆ ಪುಸ್ತಕದಲ್ಲೂ ಅದು ನಮಗೆ ಸಿಕ್ಕಿದ್ದು ಮಾತಿನಲ್ಲೇ. ರೇಡಿಯೋ ಕೇಳುಗರು ಇಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ನಮ್ಮಲ್ಲಿ ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಆ ಮಾತಿನಲ್ಲೇ ಕೌರವನ ಸಭೆ ಎದ್ದು ನಿಲ್ಲುತ್ತದೆ. ಒಬ್ಬರು ಕೆಣಕಬೇಕು, ಇನ್ನೊಬ್ಬರು ಬಿಡಿಸಿ ಹೇಳಬೇಕು. ಹೋಮ್ಸ್ ಮತ್ತು ಅವನ ಗೆಳೆಯ ವಾಟ್ಸನ್ ಜೋಡಿ ಮಾಡುವುದೂ ಅದನ್ನೇ.

ಜೂಲಿಯಾಳ ಕೋಣೆಗೆ ಬನ್ನಿ. ಹಾಸಿಗೆ ಪಕ್ಕ ಆಳನ್ನು ಕರೆಯುವ ಗಂಟೆಯ ಹಗ್ಗ ನೇತಾಡುತ್ತಿದೆ. ಹೋಮ್ಸ್ ಅದನ್ನು ಜಗ್ಗುತ್ತಾನೆ. ಗಂಟೆ ಬಾರಿಸುವುದಿಲ್ಲ. ಹಗ್ಗಕ್ಕೆ ತಂತಿಯನ್ನೇ ಕಟ್ಟಿಲ್ಲ. ಇದನ್ನು ರೇಡಿಯೋದಲ್ಲಿ ಯೋಚಿಸಿ. ಹಗ್ಗ ಎಳೆದ ಸದ್ದು, ಒಂದು ಕ್ಷಣ ಮೌನ, ಇನ್ನೊಮ್ಮೆ ಎಳೆದ ಸದ್ದು, ಮತ್ತೆ ಮೌನ. ಬರಬೇಕಾದ ಸದ್ದು ಬರಲಿಲ್ಲ ಎಂದು ಕಿವಿಗೇ ಗೊತ್ತಾಗುತ್ತದೆ.

ತೊಂದರೆ ಕೊಡುವ ಜಾಗಗಳೂ ಇವೆ. ಹೆಲೆನ್‌ಳ ಮಲತಂದೆ ಡಾಕ್ಟರ್ ರಾಯ್ಲಟ್ ಸಿಟ್ಟಿನಿಂದ ನುಗ್ಗಿ ಬಂದು, ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯನ್ನು ಬರಿಗೈಯಲ್ಲಿ ಬಗ್ಗಿಸುತ್ತಾನೆ. ಸಲಾಕೆ ಬಗ್ಗುವುದಕ್ಕೆ ಹೇಳಿಕೊಳ್ಳುವಂಥ ಸದ್ದಿಲ್ಲ. ಅರೆಬರೆ ಬರಹಗಾರ ಇಲ್ಲಿ ವಾಟ್ಸನ್ ಬಾಯಲ್ಲಿ, “ಅಯ್ಯೋ, ಸಲಾಕೆಯನ್ನೇ ಬಗ್ಗಿಸಿಬಿಟ್ಟನಲ್ಲ!” ಅಂತ ಹೇಳಿಸುತ್ತಾನೆ. ಕಣ್ಣಾರೆ ನೋಡುತ್ತಿರುವವರು ಯಾರೂ ಹಾಗೆ ಮಾತಾಡುವುದಿಲ್ಲ ಅಲ್ವಾ? ಬಲ್ಲ ಬರಹಗಾರ ಹಾಗೆ ಮಾಡುವುದಿಲ್ಲ. ರಾಯ್ಲಟ್‌ನ ಬಿಗಿಹಿಡಿದ ಉಸಿರು ಕೇಳಿಸಬೇಕು. ಸಲಾಕೆ ಒಲೆಗೆ ಬಿದ್ದು ಖಣ್ ಎನ್ನಬೇಕು. ಬಾಗಿಲು ದಢಾರ್ ಎಂದು ಮುಚ್ಚಬೇಕು. ಆಮೇಲೆ ಹೋಮ್ಸ್ ನಗುತ್ತ, ನನ್ನ ಹಿಡಿತವೂ ಅವನಿಗಿಂತ ಕಡಿಮೆಯೇನಲ್ಲ ಎನ್ನುತ್ತ ಅದನ್ನು ಎತ್ತಿ ನೆಟ್ಟಗೆ ಮಾಡಬೇಕು. ಆ ಮಾತು ಡಾಯ್ಲ್ ಕಥೆಯಲ್ಲೇ ಇದೆ. ಬಗ್ಗಿದ್ದು ನಮಗೆ ಗೊತ್ತಾಗುವುದು ನೆಟ್ಟಗಾದಾಗ.

ಇನ್ನು ಆ ರಾತ್ರಿ. ಹೋಮ್ಸ್ ಮತ್ತು ವಾಟ್ಸನ್ ಆ ಕೋಣೆಯಲ್ಲಿ ಕಾದು ಕೂರುತ್ತಾರೆ. ದೀಪ ಹಚ್ಚುವಂತಿಲ್ಲ. ಮಾತಾಡುವಂತಿಲ್ಲ. ಹೊರಗೆ ಒಂದು ಹಕ್ಕಿ ಕೂಗುತ್ತದೆ. ಕಿಟಕಿಯ ಹತ್ತಿರ ಬೆಕ್ಕಿನಂಥ ಎಳೆದ ದನಿ. ರಾಯ್ಲಟ್ ಸಾಕಿದ ಚೀತಾ ಓಡಾಡುತ್ತಿದೆ. ದೂರದ ಚರ್ಚಿನ ಗಡಿಯಾರ ಕಾಲು ಗಂಟೆಗೊಮ್ಮೆ ಹೊಡೆಯುತ್ತದೆ. ಹನ್ನೆರಡು. ಒಂದು. ಎರಡು. ಮೂರು. ಆಮೇಲೆ ಕೆಟಲ್‌ನಿಂದ ಸಣ್ಣಗೆ ಹಬೆ ಬಿಟ್ಟಂತೆ ಒಂದು ಸದ್ದು. ಹೋಮ್ಸ್ ತಟ್ಟನೆ ಬೆಂಕಿಕಡ್ಡಿ ಗೀರಿ ಬೆತ್ತದಿಂದ ಬಾರಿಸುತ್ತಾನೆ. “ಕಂಡಿತಾ ವಾಟ್ಸನ್?” ಎಂದು ಕೂಗುತ್ತಾನೆ.

ವಾಟ್ಸನ್‌ಗೆ ಏನೂ ಕಂಡಿರುವುದಿಲ್ಲ! ಡಾಯ್ಲ್ ಬರೆದದ್ದೇ ಹಾಗೆ. ಒಮ್ಮೆಲೇ ಬಿದ್ದ ಬೆಳಕಿಗೆ ಕಣ್ಣು ಕೋರೈಸಿ, ಹೋಮ್ಸ್ ಯಾವುದಕ್ಕೆ ಹೊಡೆದ ಎಂದು ಅವನಿಗೆ ತಿಳಿಯುವುದಿಲ್ಲ. ಕೇಳಿಸಿದ್ದು ಒಂದು ಸಿಳ್ಳೆ ಮಾತ್ರ. ನಮಗೂ ಅಷ್ಟೇ. ಈ ದೃಶ್ಯದಲ್ಲಿ ವಾಟ್ಸನ್‌ಗೆ ಗೊತ್ತಿರುವುದು ಬಹುಪಾಲು ರೇಡಿಯೋ ಕೇಳುಗರಿಗೂ ಗೊತ್ತು. ಸಿನಿಮಾದಲ್ಲಿ ಈ ದೃಶ್ಯ ಇಷ್ಟು ಚೆನ್ನಾಗಿ ಆಗುವುದು ಕಷ್ಟ. ಅಲ್ಲಿ ಕತ್ತಲನ್ನು ತೋರಿಸಲಿಕ್ಕೂ ಸ್ವಲ್ಪ ಬೆಳಕು ಬೇಕು.

ಹಾಗಾದರೆ ಕಷ್ಟ ಇರುವುದೆಲ್ಲಿ? ಪುಸ್ತಕದಲ್ಲಿ ಅನುಮಾನ ಬಂದರೆ ಹತ್ತು ಪುಟ ಹಿಂದೆ ತಿರುಗಿಸಬಹುದು. ಒಂದು ಪುಟದಲ್ಲಿ ಇಪ್ಪತ್ತು ವಸ್ತುಗಳನ್ನು ಸುಮ್ನೆ ಹೆಸರಿಸಿ, ಅದರ ನಡುವೆ ಮುಖ್ಯವಾದದ್ದನ್ನು ಅಡಗಿಸಬಹುದು. ರೇಡಿಯೋದಲ್ಲಿ ಇಪ್ಪತ್ತು ವಸ್ತು ಹೇಳಿದರೆ ಕೇಳುಗರು ಎದ್ದು ಹೋಗುತ್ತಾರೆ. ಒಂದೇ ಹೇಳಿದರೆ, ಓ ಇದೇ ಸುಳಿವು ಎಂದು ಹಿಡಿದುಬಿಡುತ್ತಾರೆ. ಮೈಕಿನ ಮುಂದೆ ಬಂದ ಪ್ರತಿ ಸದ್ದಿಗೂ ತೂಕ ಬರುತ್ತದೆ. ಬೇಕಿಲ್ಲದೆ ಒಂದು ಬಾಗಿಲು ಕಿರ್ ಎಂದರೂ ನಾವು ಯಾರು ಬಂದರು ಎಂದು ಕಾಯುತ್ತೇವೆ.

ಅದಕ್ಕೆ ಬರಹಗಾರರು ಸುಳಿವನ್ನು ಬೇರೆ ಯಾವುದೋ ಬಿಸಿಯ ನಡುವೆ ಇಡುತ್ತಾರೆ. ಜಗಳದ ಮಧ್ಯೆ, ನಗುವಿನ ಮಧ್ಯೆ, ಯಾರೋ ಅಳುತ್ತಿರುವಾಗ. ನಮ್ಮ ಮನಸ್ಸು ಅಳುವವರ ಕಡೆ ಇರುತ್ತದೆ. ಸುಳಿವು ಕಿವಿಯೊಳಗೆ ಹೋಗಿ ಕೂತಿರುತ್ತದೆ. ‘ದಿ ರೆಡ್ ಹೆಡೆಡ್ ಲೀಗ್’ ಕಥೆಯಲ್ಲಿ ಹೋಮ್ಸ್ ಗಿರವಿ ಅಂಗಡಿಯ ಮುಂದೆ ನಿಂತು ರಸ್ತೆಗೆ ಬೆತ್ತದಿಂದ ಎರಡು ಮೂರು ಸಲ ಕುಟ್ಟುತ್ತಾನೆ. ಹಿಂದೆಯೇ ಬಾಗಿಲು ತಟ್ಟಿ ದಾರಿ ಕೇಳುತ್ತಾನೆ. ಕೇಳುಗರಿಗೆ ಕುಟ್ಟಿದ ಸದ್ದು ಬಾಗಿಲು ತಟ್ಟಿದ ಸದ್ದಿನ ಜತೆ ಬೆರೆತುಹೋಗುತ್ತದೆ. ನೆಲದಡಿ ಟೊಳ್ಳಿದೆಯೇ ಎಂದು ಅವನು ನೋಡುತ್ತಿದ್ದ ಎನ್ನುವುದು ಹೊಳೆಯುವುದು ಎಷ್ಟೋ ಹೊತ್ತಿನ ಮೇಲೆ. ಸುಳಿವನ್ನು ನಮ್ಮ ಕಿವಿಯಲ್ಲೇ ಬಚ್ಚಿಟ್ಟ ಹಾಗಾಯಿತು.

ಇನ್ನೊಂದು ಹೋಮ್ಸ್ ಕಥೆ ‘ಸಿಲ್ವರ್ ಬ್ಲೇಜ್’ ಇನ್ನೂ ಕಠಿಣ. ಅಲ್ಲಿನ ದೊಡ್ಡ ಸುಳಿವು ರಾತ್ರಿ ಬೊಗಳದ ನಾಯಿ. ಆಗದೇ ಇದ್ದ ಸದ್ದನ್ನು ರೇಡಿಯೋದಲ್ಲಿ ಹೇಗೆ ಕೇಳಿಸುತ್ತೀರಿ? ನನಗೆ ತೋಚುವ ದಾರಿ ಒಂದೇ. ನಾಯಿ ಬೊಗಳುತ್ತದೆ ಎನ್ನುವುದನ್ನು ಮೊದಲೇ ಕಿವಿಗೆ ರೂಢಿ ಮಾಡಿಸಬೇಕು. ಕಥೆಯಲ್ಲಿ ಅದಕ್ಕೆ ಜಾಗವೂ ಇದೆ. ಸಂಜೆ ಅಪರಿಚಿತನೊಬ್ಬ ಕುದುರೆ ಲಾಯದ ಹತ್ತಿರ ಬಂದಾಗ ಅವನ ಮೇಲೆ ನಾಯಿ ಬಿಡುತ್ತಾರೆ. ಅಲ್ಲಿ ಅದು ಜೋರಾಗಿ ಬೊಗಳಲಿ. ಆಗ ಹೋಮ್ಸ್ ಕೊನೆಗೆ ನಾಯಿಯ ಮಾತೆತ್ತಿದಾಗ, ರಾತ್ರಿಯ ಆ ಮೌನ ನಮಗೆ ನೆನಪಿನಲ್ಲಿ ಕೇಳಿಸುತ್ತದೆ.

ಇನ್ನೊಂದು ತೊಡಕು ಜನಜಂಗುಳಿ. ಅಗಾಥಾ ಕ್ರಿಸ್ಟಿ ಕಾದಂಬರಿಗಳಲ್ಲಿ ಅನುಮಾನಕ್ಕೆ ಗುರಿಯಾಗುವವರು ಜಾಸ್ತಿ. ಮುಖ ಕಾಣದಾಗ ಹತ್ತು ಹನ್ನೆರಡು ಜನರನ್ನು ದನಿಯಿಂದಲೇ ಗುರುತಿಸಬೇಕು. 1934ರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ ಈ ದೃಷ್ಟಿಯಿಂದ ರೇಡಿಯೋಗೆ ವರದಾನ. ಆ ರೈಲಿನಲ್ಲಿ ರಷ್ಯದ ರಾಜಕುಮಾರಿ, ಸ್ವೀಡನ್ನಿನ ದಾದಿ, ಜರ್ಮನ್ ಸೇವಕಿ, ಬಾಯಿ ಮುಚ್ಚದ ಅಮೆರಿಕನ್ ಹೆಂಗಸು, ಇಂಗ್ಲಿಷ್ ಕರ್ನಲ್ ಎಲ್ಲರೂ ಇದ್ದಾರೆ. ಬಾಯಿ ತೆರೆದರೆ ಸಾಕು, ಯಾರೆಂದು ತಿಳಿಯುತ್ತದೆ. ಎಲ್ಲರೂ ಒಂದೇ ಹಳ್ಳಿಯವರು, ಒಂದೇ ಥರ ಇಂಗ್ಲಿಷ್ ಆಡುವವರು ಆದರೆ ಕೆಲಸ ಕಷ್ಟ. ಆಗ ವಯಸ್ಸು, ಉಸಿರು, ಮಾತಿನ ವೇಗ ನೋಡಿ ನಟರನ್ನು ಆರಿಸಬೇಕು. ಕ್ರಿಸ್ಟಿ ಕಾದಂಬರಿಗಳನ್ನು ಬಿಬಿಸಿಗೆ ರೇಡಿಯೋ ನಾಟಕವಾಗಿ ಬರೆಯುವ ಕೆಲಸವನ್ನು ಮೈಕೆಲ್ ಬೇಕ್‌ವೆಲ್ ವರ್ಷಗಟ್ಟಲೆ ಮಾಡಿದರು. ಕ್ರಿಸ್ಟಿಯ ಪತ್ತೇದಾರರಾದ ಪ್ವಾರೊಗೆ ಜಾನ್ ಮೊಫಟ್, ಮಿಸ್ ಮಾರ್ಪಲ್‌ಗೆ ಜೂನ್ ವಿಟ್‌ಫೀಲ್ಡ್ ದನಿಯಾದದ್ದು ಆ ನಾಟಕಗಳಲ್ಲೇ.

ಕ್ರಿಸ್ಟಿಗೆ ರೇಡಿಯೋದ ಗುಟ್ಟು ಚೆನ್ನಾಗಿ ಗೊತ್ತಿತ್ತು. ರಾಣಿ ಮೇರಿಯ 80ನೇ ಹುಟ್ಟುಹಬ್ಬಕ್ಕೆಂದು ಬಿಬಿಸಿಗೆ ಅರ್ಧ ಗಂಟೆಯ ‘ತ್ರೀ ಬ್ಲೈಂಡ್ ಮೈಸ್’ ಬರೆದರು. 1947ರ ಮೇ 30ರಂದು ಅದು ಪ್ರಸಾರವಾಯಿತು. ಹಿಮ ಬಿದ್ದು ದಾರಿ ಮುಚ್ಚಿದ ಒಂದು ಮನೆ, ಒಳಗೆ ಬೆರಳೆಣಿಕೆಯ ಜನ, ಹೆದರಿಸುವುದಕ್ಕೆ ಮಕ್ಕಳ ಪದ್ಯದ ಒಂದು ರಾಗ. ಇದೇ ಬೆಳೆದು 1952ರಲ್ಲಿ ‘ದಿ ಮೌಸ್‌ಟ್ರ್ಯಾಪ್’ ಆಯಿತು. ಲಂಡನ್ನಿನಲ್ಲಿ ದಶಕಗಟ್ಟಲೆ ಓಡಿದ ಆ ನಾಟಕ ಹುಟ್ಟಿದ್ದು ಕಿವಿಗಾಗಿ.

ಸದ್ದುಗಳ ಬಗ್ಗೆ ಎರಡು ಮಾತು. ರೇಡಿಯೋ ನಾಟಕದ ಸ್ಟುಡಿಯೋದಲ್ಲಿ ಮರದ, ಕಲ್ಲಿನ, ಕಾರ್ಪೆಟ್ ಹಾಸಿದ ಮೆಟ್ಟಿಲುಗಳನ್ನು ಒಟ್ಟಿಗೆ ಕಟ್ಟಿರುತ್ತಾರೆ. ಬಯಲಿನ ದೃಶ್ಯಕ್ಕೆ ಚೂರೂ ಮಾರ್ದನಿ ಬಾರದ ಒಂದು ಕೋಣೆ ಇರುತ್ತದೆ. ಕುದುರೆ ಗೊರಸಿಗೆ ತೆಂಗಿನ ಚಿಪ್ಪು. ಹುಲ್ಲಿನ ಮೇಲೆ ನಡೆಯುವುದಕ್ಕೆ ಹಳೆಯ ರೆಕಾರ್ಡಿಂಗ್ ಟೇಪನ್ನು ಮುದ್ದೆ ಮಾಡಿ ಹಿಚುಕುತ್ತಾರೆ. ಬೇಕರ್ ಸ್ಟ್ರೀಟಿನ ಮನೆಗೆ 17 ಮೆಟ್ಟಿಲು ಎಂದು ಹೋಮ್ಸ್ ಹೇಳಿದ್ದಾನೆ. ರೇಡಿಯೋದಲ್ಲಿ 17 ಹೆಜ್ಜೆಯೂ ಬೇಡ. ನಾಲ್ಕು ಸಾಕು, ಉಳಿದದ್ದನ್ನು ನಾವೇ ಹತ್ತುತ್ತೇವೆ. ಚಿಕ್ಕವರಿದ್ದಾಗ ನಮ್ಮ ಮನೆಯಲ್ಲಿ ಆಕಾಶವಾಣಿ ನಾಟಕ ಬರುವ ಹೊತ್ತಿಗೆ ಅಜ್ಜಿ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದರು. ನಾಟಕದಲ್ಲಿ ಯಾರೋ ಮೆಟ್ಟಿಲು ಹತ್ತಿದ ಸದ್ದು ಬಂದರೆ ಅವರ ಕೈ ನಿಂತುಬಿಡುತ್ತಿತ್ತು.

ಯಾವುದರಿಂದ ಶುರು ಮಾಡಬೇಕು ಎಂದು ಕೇಳಿದರೆ, ನನ್ನ ಉತ್ತರ ಬಿಬಿಸಿ ರೇಡಿಯೋ 4ರ ಸರಣಿ. 1989ರಿಂದ 1998ರವರೆಗೆ ಬಂತು. ಕ್ಲೈವ್ ಮೆರಿಸನ್ ಹೋಮ್ಸ್, ಮೈಕೆಲ್ ವಿಲಿಯಮ್ಸ್ ವಾಟ್ಸನ್, ಮುಖ್ಯ ಬರಹಗಾರ ಬರ್ಟ್ ಕೂಲ್ಸ್. ಡಾಯ್ಲ್ ಬರೆದ ನಾಲ್ಕು ಕಾದಂಬರಿ, 56 ಸಣ್ಣಕಥೆ, ಒಟ್ಟು 60ನ್ನೂ ಇದೇ ಜೋಡಿ ಮಾಡಿ ಮುಗಿಸಿತು. ಅದಕ್ಕೂ ಮುಂಚೆ ಬೇರೆ ಯಾವ ಜೋಡಿಯೂ ಇದನ್ನು ಮಾಡಿರಲಿಲ್ಲ. 1939ರಿಂದ 1946ರವರೆಗೆ ಅಮೆರಿಕದಲ್ಲಿ ಬೇಸಿಲ್ ರಾಥ್‌ಬೋನ್ ಮತ್ತು ನೈಜೆಲ್ ಬ್ರೂಸ್ ಮಾಡಿದ ಸರಣಿಯೂ ಚೆಂದ. ಅದರ ಹಲವು ಕಂತುಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಆದರೆ ಬ್ರೂಸ್ ಅವರ ವಾಟ್ಸನ್ ಸ್ವಲ್ಪ ಪೆದ್ದ. ಅದು ನನಗೆ ಒಗ್ಗುವುದಿಲ್ಲ. ವಿಲಿಯಮ್ಸ್ ಅವರ ವಾಟ್ಸನ್ ಡಾಕ್ಟರು, ಯುದ್ಧ ಕಂಡವನು, ಗೆಳೆಯನ ಮೇಲೆ ಸಿಟ್ಟು ಮಾಡಿಕೊಳ್ಳಬಲ್ಲವನು. ಪುಸ್ತಕದಲ್ಲಿ ಕಥೆ ಹೇಳುವವನಾಗಿದ್ದ ವಾಟ್ಸನ್ ಇಲ್ಲಿ ನಮ್ಮ ಪಕ್ಕ ಕೂತ ಮನುಷ್ಯನಾಗುತ್ತಾನೆ. ನಮಗೆ ಕಾಣದ್ದರ ಬಗ್ಗೆ ಅವನು ಪ್ರಶ್ನೆ ಕೇಳುತ್ತಾನೆ, ಹೋಮ್ಸ್ ಹೇಳುತ್ತಾನೆ. ಆ ಪ್ರಶ್ನೆಯಲ್ಲಿ ನಿಜವಾದ ಕುತೂಹಲ ಇದ್ದರೆ ಮಾತ್ರ ಉತ್ತರಕ್ಕೆ ಜೀವ ಬರುತ್ತದೆ.

ಆ ಸರಣಿಯಲ್ಲಿ ‘ದಿ ಸ್ಪೆಕಲ್ಡ್ ಬ್ಯಾಂಡ್’ ಹುಡುಕಿಕೊಳ್ಳಿ. ಕಥೆ ಮೊದಲೇ ಓದಿದ್ದರೂ ಪರವಾಗಿಲ್ಲ. ಇಯರ್‌ಫೋನ್ ಹಾಕಿ, ಫೋನ್ ಮಗುಚಿಟ್ಟು, ಲೈಟ್ ಆರಿಸಿ ಕೇಳಿ. ಹೋಮ್ಸ್ ದೀಪ ಆರಿಸುವ ಜಾಗ ಬಂದಾಗ ನಿಮ್ಮ ಕೋಣೆಯೂ ಅಷ್ಟೇ ಕತ್ತಲಾಗಿರಲಿ.