ಓದುಗರ ಪ್ರಶ್ನೆ: ಕೃಷಿ ಪದವಿ ಮುಗಿದಿದೆ, ನಗರದ ಆಹಾರದ ಮೇಲೆ ಸಂಶೋಧನೆ ಮಾಡುವುದು ಹೇಗೆ?

ಪ್ರಶ್ನೆ: ಬಿ.ಎಸ್ಸಿ. ಕೃಷಿ ಮುಗಿಸಿದ್ದೇನೆ. ಸುಸ್ಥಿರ ಆಹಾರ ವ್ಯವಸ್ಥೆ, ಬರ-ನೆರೆ ಬಂದಾಗ ನಗರಗಳು ತಾಳಿಕೊಳ್ಳುವ ಬಗೆ, ಇವುಗಳಲ್ಲಿ ಸಂಶೋಧನೆ ಮಾಡುವ ಆಸೆ. ಯಾವ ಕೋರ್ಸ್ ಸೇರಬೇಕು?

ಉತ್ತರ: ಕೋರ್ಸಿನ ಹೆಸರಲ್ಲಿ ‘ಆಹಾರ ವ್ಯವಸ್ಥೆ’ ಇದೆಯೇ ಎಂದು ಹುಡುಕುತ್ತಾ ಕೂರಬೇಡಿ. ಅದು ನಾಲ್ಕಾರು ಶಾಸ್ತ್ರಗಳು ಕೂಡುವ ಜಾಗ. ಒಂದರಲ್ಲಾದರೂ ಗಟ್ಟಿಯಿಲ್ಲದೆ ಹೋದರೆ ಅಲ್ಲಿ ಮಾಡಲು ಕೆಲಸವೇ ಇರುವುದಿಲ್ಲ. ಎಂ.ಎಸ್ಸಿ.ಗೆ ಕೃಷಿ ಅರ್ಥಶಾಸ್ತ್ರವನ್ನೋ ಮಣ್ಣುವಿಜ್ಞಾನವನ್ನೋ ಹಿಡಿಯಿರಿ. ಜೊತೆಗೆ ಎರಡು ತಂತ್ರಾಂಶ ಕಲಿಯಿರಿ: ಅಂಕಿಅಂಶಕ್ಕೆ ಆರ್ (R), ನಕ್ಷೆಗೆ ಕ್ಯೂಜಿಐಎಸ್ (QGIS). ಎರಡೂ ಪುಕ್ಕಟೆ ಸಿಗುತ್ತವೆ.

ಈ ಕೆಲಸ ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ ಜರ್ಮನಿಯ ಕಾಸೆಲ್ ಮತ್ತು ಗಟ್ಟಿಂಗೆನ್ ವಿಶ್ವವಿದ್ಯಾಲಯಗಳೊಂದಿಗೆ ಸೇರಿ ನಗರದಿಂದ ಹಳ್ಳಿಯ ಕಡೆ ಚಾಚುವ ಎರಡು ನೆಲದ ಪಟ್ಟಿಗಳನ್ನು ಆರಿಸಿಕೊಂಡಿತು. ಉತ್ತರದ್ದು 5 ಕಿ.ಮೀ. ಅಗಲ, 50 ಕಿ.ಮೀ. ಉದ್ದ. ಮಣ್ಣು ನೋಡುವವರು, ಹೈನುಗಾರಿಕೆ ನೋಡುವವರು, ಮನೆಗಳ ಊಟ ನೋಡುವವರು ಎಲ್ಲರೂ ಅದೇ ಪಟ್ಟಿಯಲ್ಲಿ ಓಡಾಡಿದರು.

ಎಂ.ಎಸ್ಸಿ. ಮುಗಿಯುವವರೆಗೆ ಕಾಯದೆ ಒಂದು ಸಣ್ಣ ಅಧ್ಯಯನ ಮಾಡಿನೋಡಿ. ಕೋಲಾರದ ಟೊಮೆಟೊ ಸಾಕು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ, ಅಲ್ಲಿನ ಟೊಮೆಟೊ ಬೆಂಗಳೂರಿಗೆ ಬರುತ್ತಿದೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ, ಮಂಡಿಯ ಹರಾಜು ದರವನ್ನೂ ತಳ್ಳುಗಾಡಿಯ ದರವನ್ನೂ ಕೆಲವು ವಾರ ಪ್ರತಿದಿನ ಬರೆದಿಡಿ.

ಹೊಸಬರು ಎಡವುವುದು ಇಲ್ಲೇ. ಇವತ್ತಿನ ಮಂಡಿ ದರವನ್ನು ಇವತ್ತಿನ ಗಾಡಿ ದರಕ್ಕೆ ಹೋಲಿಸುತ್ತಾರೆ. ಗಾಡಿಯಲ್ಲಿರುವುದು ನಿನ್ನೆಯೋ ಮೊನ್ನೆಯೋ ಕೊಂಡ ಮಾಲು. ಹೀಗಾಗಿ ದರ ಇಳಿಯುವ ವಾರದಲ್ಲಿ ಗಾಡಿಯವನು ಕೊಳ್ಳೆ ಹೊಡೆದಂತೆ ಕಾಣುತ್ತಾನೆ, ಏರುವ ವಾರದಲ್ಲಿ ನಷ್ಟಕ್ಕೆ ಮಾರಿದಂತೆ. ಪಾಪ, ಅವನು ಎರಡೂ ಮಾಡಿರುವುದಿಲ್ಲ. 15 ಕೆ.ಜಿ. ಬಾಕ್ಸಿನ ದರವನ್ನು ಸುಮ್ಮನೆ 15ರಿಂದ ಭಾಗಿಸಿದರೂ ತಪ್ಪು: ಒಡೆದದ್ದು, ಕೊಳೆತದ್ದನ್ನು ಸಂಜೆ ತೂಗಿ ಕಳೆಯಬೇಕು. ಮಂಡಿ ದರಗಳನ್ನು ಹಾಕುವ ಸರ್ಕಾರಿ ಜಾಲತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಸಿಗುವ ‘ಮೋಡಲ್’ ದರ ಸರಾಸರಿಯಲ್ಲ, ಹೆಚ್ಚು ಮಾಲು ಕೈಬದಲಾದ ದರ. ಮಳೆ ಹಿಡಿದಾಗ ಮಾಲು ತಪ್ಪಿದ್ದು ಹೊಲದಲ್ಲೋ ಲಾರಿಯಲ್ಲೋ ಮಂಡಿಯಲ್ಲೋ ಎಂದೂ ಗುರುತು ಹಾಕಿಕೊಳ್ಳಿ. ನಗರ ಎಷ್ಟು ತಾಳಿಕೊಳ್ಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆ ಗುರುತುಗಳಲ್ಲಿ.

ಇನ್ನು ಹಣದ ಮಾತು. ಯುಜಿಸಿ ಜೆಆರ್‌ಎಫ್ (ಯುಜಿಸಿ ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಯುಜಿಸಿ ನೆಟ್‌ನಲ್ಲಿ ಕೃಷಿ ಎಂಬ ವಿಷಯವೇ ಇಲ್ಲ. ಅರ್ಥಶಾಸ್ತ್ರ, ಭೂಗೋಳ ಅಥವಾ ಪರಿಸರ ವಿಜ್ಞಾನದಲ್ಲಿ ಬರೆಯಬೇಕಾಗುತ್ತದೆ. ನಿಮ್ಮದು ನಾಲ್ಕು ವರ್ಷದ ಪದವಿಯಾದ್ದರಿಂದ 75% ಅಂಕವಿದ್ದರೆ ಎಂ.ಎಸ್ಸಿ. ಇಲ್ಲದೆಯೂ ಕೂರಬಹುದು. ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ) ನಡೆಸುವ ನೆಟ್ ಬೇರೆಯದು: ಅದಕ್ಕೆ ಎಂ.ಎಸ್ಸಿ. ಬೇಕೇ ಬೇಕು, ಪಾಸಾದರೆ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಅರ್ಹತೆ ಸಿಗುತ್ತದೆಯೇ ಹೊರತು ಫೆಲೋಶಿಪ್ ಅಲ್ಲ.