ಬಿಸಿಯಾದಷ್ಟೂ ಕಡಿಮೆ ಕರಗುವ ಲಿಥಿಯಂ ಕಾರ್ಬೊನೇಟ್

ಲಿಥಿಯಂ ಕಾರ್ಬೊನೇಟ್ ತಯಾರಿಸಲು ಹೊರಟ ಹೊಸಬರು ಎಡವುವುದು ಸೋಸುವ ಹೊತ್ತಿನಲ್ಲಿ. ಪ್ರಕ್ಷೇಪ, ಅಂದರೆ ದ್ರಾವಣದಿಂದ ಬೇರ್ಪಟ್ಟ ಘನ, ಕಾಣಿಸಿದ್ದೇ ತಡ, ಬೀಕರನ್ನು ಮಂಜುಗಡ್ಡೆಯಲ್ಲಿಟ್ಟು ತಣಿಸುತ್ತಾರೆ. ಬೇರೆ ಎಷ್ಟೋ ಉಪ್ಪುಗಳಿಗೆ ಅದು ಸರಿ. ಇದಕ್ಕೆ ಮಾತ್ರ ಉಲ್ಟಾ. 100 ಮಿ.ಲೀ. ನೀರಿನಲ್ಲಿ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.5 ಗ್ರಾಂ ಕರಗುವ ಈ ಉಪ್ಪು, ನೀರು ಕುದಿಯುವಾಗ ಕರಗುವುದು 0.7 ಗ್ರಾಂನಷ್ಟೇ. ಕರಗುವಾಗ ಶಾಖ ಹೊರಬಿಡುವ ಗುಣ ಇದರದ್ದು. ಹಾಗಾಗಿ ಕಾಯಿಸಿದಷ್ಟೂ ಘನರೂಪಕ್ಕೇ ಮರಳಲು ನೋಡುತ್ತದೆ.

ಲಿಥಿಯಂ ಕ್ಲೋರೈಡಿನ ಗಟ್ಟಿ ದ್ರಾವಣವನ್ನು 90 ಡಿಗ್ರಿಯ ಆಸುಪಾಸಿಗೆ ಕಾಯಿಸಿ, ಬಿಸಿ ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನು ಕಲಕುತ್ತಾ ನಿಧಾನವಾಗಿ ಸುರಿಯಬೇಕು. ಅವಸರಪಟ್ಟರೆ ಹರಳು ಸಣ್ಣದಾಗಿ ಸೋಡಿಯಂ ಒಳಗೇ ಸಿಕ್ಕಿಕೊಳ್ಳುತ್ತದೆ. ದ್ರಾವಣ ತೆಳುವಾಗಿದ್ದರೆ ಲಿಥಿಯಂನ ದೊಡ್ಡ ಪಾಲು ನೀರಲ್ಲೇ ಉಳಿದುಬಿಡುತ್ತದೆ. ಬೀಕರಿನ ತಳದಲ್ಲಿ, ಅಂದರೆ ಎಲ್ಲಕ್ಕಿಂತ ಬಿಸಿಯಾದ ಜಾಗದಲ್ಲಿ, ಬಿಳಿ ಹೆಕ್ಕಳೆ ಕಟ್ಟುವುದೂ ಬಿಸಿಯಲ್ಲಿ ಕಡಿಮೆ ಕರಗುವ ಅದೇ ಗುಣದಿಂದ. ಆರುವ ಮೊದಲೇ ಸೋಸಿ, ಕುದಿನೀರಿನಿಂದ ಸ್ವಲ್ಪಸ್ವಲ್ಪವಾಗಿ ತೊಳೆಯಿರಿ. ತೊಳೆದ ನೀರಿನಲ್ಲಿ ಕ್ಲೋರೈಡ್ ಉಳಿದಿದೆಯೇ ಎಂದು ಸಿಲ್ವರ್ ನೈಟ್ರೇಟ್ ಹಾಕಿ ನೋಡುವಾಗ ಮೊದಲು ನೈಟ್ರಿಕ್ ಆಮ್ಲ ಬೆರೆಸಬೇಕು. ಇಲ್ಲದಿದ್ದರೆ ಕಾರ್ಬೊನೇಟೇ ಸಿಲ್ವರ್ ಜತೆ ಸೇರಿ ಪ್ರಕ್ಷೇಪವಾಗಿ, ಕ್ಲೋರೈಡ್ ಇದೆಯೆಂದು ದಾರಿ ತಪ್ಪಿಸುತ್ತದೆ. ಉಪ್ಪನ್ನು ಉರಿಗೆ ಹಿಡಿದು ಬಣ್ಣ ನೋಡುವ ಜ್ವಾಲೆಯ ಪರೀಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಲವಲೇಶ ಸೋಡಿಯಂ ಇದ್ದರೂ ಅದರ ಹಳದಿ ಲಿಥಿಯಂನ ಕಡುಗೆಂಪನ್ನು ಮುಚ್ಚಿಬಿಡುತ್ತದೆ.

ಬ್ಯಾಟರಿ ದರ್ಜೆಗೆ ಸಾಮಾನ್ಯವಾಗಿ ಕೇಳುವ 99.5 ಶೇಕಡಾ ಶುದ್ಧತೆ ಬರೀ ತೊಳೆಯುವುದರಿಂದ ಬರುವುದು ಕಷ್ಟ. ಆಗ ಪುಡಿಯನ್ನು ತಣ್ಣೀರಿನಲ್ಲಿ ಕದಡಿ ಕಾರ್ಬನ್ ಡೈಆಕ್ಸೈಡ್ ಹಾಯಿಸುತ್ತಾರೆ. ಹೆಚ್ಚು ಕರಗುವ ಬೈಕಾರ್ಬೊನೇಟ್ ಆಗಿ ಅದು ನೀರಿಗಿಳಿಯುತ್ತದೆ, ಕರಗದ ಕಸ ಫಿಲ್ಟರಿನಲ್ಲಿ ನಿಲ್ಲುತ್ತದೆ. ಕ್ಯಾಲ್ಸಿಯಂ ಮಾತ್ರ ಇದೇ ದಾರಿಯಲ್ಲಿ ನುಸುಳಿಕೊಳ್ಳುವುದರಿಂದ ಅದನ್ನು ಅಯಾನು ವಿನಿಮಯ ರಾಳದಲ್ಲಿ (ದ್ರಾವಣದಲ್ಲಿನ ಅಯಾನುಗಳನ್ನು ಹಿಡಿದು ಬದಲಿಗೆ ಬೇರೆಯವನ್ನು ಬಿಡುವ ವಸ್ತು) ಹಿಡಿಯಬೇಕು. ಬಳಿಕ ಸೋಸಿದ ದ್ರಾವಣವನ್ನು ಕಾಯಿಸಿದರೆ ಅನಿಲ ಹಾರಿ, ಶುದ್ಧ ಕಾರ್ಬೊನೇಟ್ ಮತ್ತೆ ತಳ ಸೇರುತ್ತದೆ.

ಒಣಗಿಸುವುದರಲ್ಲಿ ತಕರಾರಿಲ್ಲ: ಗಾಳಿಯ ತೇವ ಹೀರಿ ನೀರಾಗುವುದಿಲ್ಲ, ಹರಳಿನೊಳಗೆ ನೀರನ್ನೂ ಕಟ್ಟಿಕೊಳ್ಳುವುದಿಲ್ಲ. 723 ಡಿಗ್ರಿಯಲ್ಲಿ ದ್ರವವಾಗುತ್ತದೆ. ಅದನ್ನು ಪಿಂಗಾಣಿ ಮೂಸೆಯಲ್ಲಿ ಕರಗಿಸಲು ಹೋಗಬೇಡಿ. ಕರಗಿದ ಕಾರ್ಬೊನೇಟ್ ಸಿಲಿಕವನ್ನು ತಿನ್ನುತ್ತದೆ. ಗಾಜು, ಮೆರುಗುಲೇಪದ ತಯಾರಕರು ಇದನ್ನು ಬಳಸುವುದೇ ಆ ಗುಣಕ್ಕಾಗಿ.