ಪರೀಕ್ಷಿಸುವವರೇ ಮಾರುವವರೂ ಆದಾಗ

ಕಿವಿ ಸರಿಯಾಗಿ ಕೇಳಿಸುವುದಿಲ್ಲವೆಂದು ಬಂದವರನ್ನು ಪರೀಕ್ಷಿಸುವುದು, ದೋಷ ಎಷ್ಟಿದೆಯೆಂದು ತಿಳಿಸುವುದು, ಶ್ರವಣ ಸಾಧನ ಬೇಕೆಂದು ಸೂಚಿಸುವುದು, ಕೊನೆಗೆ ಆ ಸಾಧನವನ್ನು ಮಾರಿ ಹಣ ಪಡೆಯುವುದು, ಈ ನಾಲ್ಕೂ ಕೆಲಸಗಳನ್ನು ನಮ್ಮ ಹೆಚ್ಚಿನ ಖಾಸಗಿ ಶ್ರವಣ ಕೇಂದ್ರಗಳಲ್ಲಿ ಒಬ್ಬರೇ ಮಾಡುತ್ತಾರೆ. ಕಣ್ಣಿನ ವೈದ್ಯರು ಚೀಟಿ ಬರೆದುಕೊಟ್ಟರೆ ಕನ್ನಡಕವನ್ನು ಯಾವ ಅಂಗಡಿಯಲ್ಲಾದರೂ ಮಾಡಿಸಿಕೊಳ್ಳಬಹುದು. ಶ್ರವಣ ಸಾಧನದ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಸಾಧನವನ್ನು ಆಯಾ ಕಿವಿಯ ದೋಷಕ್ಕೆ ತಕ್ಕಂತೆ ಕಂಪ್ಯೂಟರಿನ ಮೂಲಕ ಹೊಂದಿಸಬೇಕು, ಕೆಲವು ವಾರ ಬಳಸಿದ ಮೇಲೆ ಬಳಸಿದವರ ಅನುಭವ ಕೇಳಿ ಮತ್ತೆ ತಿದ್ದಬೇಕು. ಆದ್ದರಿಂದ ಪರೀಕ್ಷೆ ಮತ್ತು ಮಾರಾಟ ಒಂದೇ ಕೈಯಲ್ಲಿರುವುದಕ್ಕೆ ವೃತ್ತಿಯ ಒಳಗಿನದೇ ಆದ ಕಾರಣವಿದೆ. ಆದರೂ ಆಡಿಯಾಲಜಿಸ್ಟರಾದ, ಅಂದರೆ ಶ್ರವಣ ತಜ್ಞರಾದ, ನಮ್ಮ ವೃತ್ತಿಯ ನೈತಿಕ ಪ್ರಶ್ನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಇಕ್ಕಟ್ಟು ಹೊಸದಲ್ಲ. ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ರಾಷ್ಟ್ರೀಯ ಸಂಘವು ತನ್ನ ಸದಸ್ಯರು ಲಾಭಕ್ಕಾಗಿ ಶ್ರವಣ ಸಾಧನ ಮಾರುವುದನ್ನು 1970ರ ದಶಕದ ಕೊನೆಯವರೆಗೂ ನೀತಿಸಂಹಿತೆಯಲ್ಲೇ ನಿಷೇಧಿಸಿತ್ತು. ನಿಷೇಧ ತೆರವಾದ ಮೇಲೆ ಬಳಕೆದಾರರಿಗೆ ತರಬೇತಿ ಪಡೆದವರಿಂದಲೇ ಸಾಧನ ಸಿಗುವಂತಾಯಿತು, ಅದು ಒಳ್ಳೆಯದೇ. ಆದರೆ ಅಲ್ಲಿಯವರೆಗೆ ನಿಯಮ ಹೊತ್ತಿದ್ದ ಭಾರವನ್ನು ಅಂದಿನಿಂದ ಪ್ರತಿಯೊಬ್ಬ ಆಡಿಯಾಲಜಿಸ್ಟ್ ತನ್ನ ಆತ್ಮಸಾಕ್ಷಿಯ ಮೇಲೆ ಹೊರಬೇಕಾಗಿ ಬಂತು.

ಭಾರತದಲ್ಲಿ ನಮ್ಮ ವೃತ್ತಿಯನ್ನು ನಿಯಂತ್ರಿಸುವುದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ. ಪರಿಷತ್ತಿನ ಕೇಂದ್ರ ನೋಂದಣಿ ಪಟ್ಟಿಯಲ್ಲಿ ಹೆಸರಿಲ್ಲದವರು ಈ ವೃತ್ತಿ ನಡೆಸುವುದು ಅಪರಾಧ. ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಒಂದು ಜೊತೆ ಸಾಧನಕ್ಕೆ ಲಕ್ಷಗಟ್ಟಲೆ ರೂಪಾಯಿ ಕೈ ಬದಲಾಗುವ ಕ್ಷೇತ್ರದಲ್ಲಿ ಸಾವಿರ ರೂಪಾಯಿಯ ದಂಡ ಯಾರನ್ನೂ ಹೆದರಿಸುವುದಿಲ್ಲ. ತಮ್ಮನ್ನು ಪರೀಕ್ಷಿಸುವವರ ನೋಂದಣಿ ಸಂಖ್ಯೆಯನ್ನು ಕೇಳುವುದು ಬಂದವರ ಹಕ್ಕು. ಆ ಸಂಖ್ಯೆಯನ್ನು ಕೇಳುವ ಮೊದಲೇ ಗೋಡೆಯ ಮೇಲೆ ಕಾಣುವಂತೆ ಹಾಕುವುದು ನಮ್ಮ ಕರ್ತವ್ಯ.

ಬೆಲೆಯ ಮಾತಿಗಿಂತ ಮೊದಲು ಪರೀಕ್ಷೆಯೇ ಪ್ರಾಮಾಣಿಕವಾಗಿರಬೇಕು. ಒಂದು ಕಿವಿ ಚೆನ್ನಾಗಿದ್ದು ಇನ್ನೊಂದು ಪೂರ್ತಿ ಹೋಗಿರುವವರನ್ನು ಪರೀಕ್ಷಿಸುವಾಗ ಒಳ್ಳೆಯ ಕಿವಿಗೆ ಮಾಸ್ಕಿಂಗ್ ಸದ್ದು (ಆ ಕಿವಿಗೆ ಬೇರೆ ಧ್ವನಿ ಕೇಳಿಸದಂತೆ ಮರೆಮಾಡುವ ಸದ್ದು) ಕೊಡದಿದ್ದರೆ, ಕೆಟ್ಟ ಕಿವಿಗೆ ಕೊಟ್ಟ ಧ್ವನಿ ತಲೆಬುರುಡೆಯ ಮೂಲಕ ದಾಟಿ ಒಳ್ಳೆಯ ಕಿವಿಗೆ ಕೇಳಿಸುತ್ತದೆ, ಪರೀಕ್ಷೆಗೆ ಕುಳಿತವರು ಕೇಳಿಸಿತೆಂದು ಗುಂಡಿ ಒತ್ತುತ್ತಾರೆ, ಪೂರ್ತಿ ಕೇಳದ ಕಿವಿಯೂ ಆಡಿಯೋಗ್ರಾಂನಲ್ಲಿ (ಶ್ರವಣ ಪರೀಕ್ಷೆಯ ಫಲಿತಾಂಶದ ನಕ್ಷೆಯಲ್ಲಿ) ಸುಮಾರು 50-60 ಡೆಸಿಬೆಲ್‌ನ ದೋಷವಿದ್ದಂತೆ ಕಾಣುತ್ತದೆ. ಆ ಕಿವಿಗೆ ಸಾಧನ ಮಾರುವುದು ಆಗ ಸಲೀಸು, ಆದರೆ ಸಾಧನದಿಂದ ಆ ಕಿವಿಗೆ ಪ್ರಯೋಜನವಿಲ್ಲ. ಮಾಸ್ಕಿಂಗ್ ಮಾಡಲು ಹಿಡಿಯುವುದು ಕೆಲವೇ ನಿಮಿಷ. ಕಲ್ಯಾಣ ಮಂಟಪದಲ್ಲೋ ಬ್ಯಾಂಕಿನ ಮೊಗಸಾಲೆಯಲ್ಲೋ ಮೇಜು ಹಾಕಿ ನಡೆಸುವ ಉಚಿತ ಶಿಬಿರಗಳನ್ನೂ ಹೀಗೆಯೇ ನೋಡಬೇಕು. ಫ್ಯಾನು ತಿರುಗುವ, ಜನ ಮಾತನಾಡುವ ಜಾಗದಲ್ಲಿ ಮೆಲುದನಿಗಳು ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ಇರುವುದಕ್ಕಿಂತ ಹೆಚ್ಚಿನ ದೋಷ ದಾಖಲಾಗುತ್ತದೆ. ಶಿಬಿರದಲ್ಲಿ ತಪಾಸಣೆಯನ್ನಷ್ಟೇ ಮಾಡಬಹುದು. ಸಾಧನಕ್ಕೆ ಮುಂಗಡ ಹಣವನ್ನು ಅಲ್ಲಿಯೇ ಪಡೆಯುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಇಂಗ್ಲಿಷ್ ಪದಗಳನ್ನು ಕೇಳಿಸಿ ಮರಳಿ ಹೇಳಿಸಿ, ಅವರು ತಪ್ಪಾಗಿ ಹೇಳಿದ್ದನ್ನೆಲ್ಲ ಶ್ರವಣದೋಷದ ಲೆಕ್ಕಕ್ಕೆ ಹಾಕುವುದೂ ಇದೇ ಬಗೆಯ ಅನ್ಯಾಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳು ಸಿದ್ಧಗೊಂಡು ವರ್ಷಗಳೇ ಆಗಿರುವಾಗ ಕರ್ನಾಟಕದ ಕೇಂದ್ರಗಳಲ್ಲಿ ಅವನ್ನು ಬಳಸದಿರುವುದಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಎಲ್ಲ ಶ್ರವಣದೋಷವೂ ಸಾಧನ ಕೊಟ್ಟು ಕಳುಹಿಸುವಂಥದ್ದಲ್ಲ. ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಂತಾಗಿದ್ದರೆ ಅದು ತುರ್ತು ಸ್ಥಿತಿ. ಮೊದಲ ಎರಡು ವಾರಗಳೊಳಗೆ ಸ್ಟಿರಾಯ್ಡ್ ಚಿಕಿತ್ಸೆ ಆರಂಭವಾದರೆ ಶ್ರವಣ ಮರಳುವ ಸಾಧ್ಯತೆ ಹೆಚ್ಚಿರುತ್ತದೆ, ತಡವಾದಷ್ಟೂ ಕುಗ್ಗುತ್ತದೆ. ಅಂಥವರನ್ನು ಅದೇ ದಿನ ಇಎನ್‌ಟಿ ವೈದ್ಯರ ಬಳಿಗೆ ಕಳುಹಿಸದೆ ಸಾಧನದ ಮಾದರಿಗಳನ್ನು ತೋರಿಸುತ್ತಾ ಕೂರುವುದು ನನ್ನ ದೃಷ್ಟಿಯಲ್ಲಿ ನಮ್ಮ ವೃತ್ತಿಯ ಅತಿ ದೊಡ್ಡ ಅಪಚಾರ. ಕಿವಿ ಸೋರುವಿಕೆ, ಒಂದೇ ಕಿವಿಯಲ್ಲಿ ಬಿಡದ ಗುಂಯ್‌ಗುಡುವಿಕೆ, ಎರಡು ಕಿವಿಗಳ ನಡುವೆ ಎದ್ದುಕಾಣುವ ವ್ಯತ್ಯಾಸ, ಇವಕ್ಕೂ ವೈದ್ಯರ ಅಭಿಪ್ರಾಯ ಮೊದಲು ಬೇಕು.

ಇತ್ತೀಚೆಗೆ ಭಯವೇ ಮಾರಾಟದ ಉಪಾಯವಾಗುತ್ತಿದೆ. ಸಾಧನ ಹಾಕಿಕೊಳ್ಳದಿದ್ದರೆ ಮರೆವಿನ ಕಾಯಿಲೆ ಖಂಡಿತ ಎಂದು ವೃದ್ಧರ ಮಕ್ಕಳಿಗೆ ಹೇಳಲಾಗುತ್ತಿದೆ. ಶ್ರವಣದೋಷಕ್ಕೂ ಡಿಮೆನ್ಷಿಯಾಕ್ಕೂ ನಂಟಿದೆ ಎಂಬುದು ಸಂಶೋಧನೆಗಳಿಂದ ಕಂಡ ಮಾತು. ಆದರೆ 2023ರಲ್ಲಿ ಪ್ರಕಟವಾದ, ಅಮೆರಿಕದ ಹಿರಿಯರ ಮೇಲೆ ಮೂರು ವರ್ಷ ನಡೆದ ಅಚೀವ್ ಅಧ್ಯಯನದಲ್ಲಿ ಭಾಗವಹಿಸಿದ ಎಲ್ಲರನ್ನೂ ಸೇರಿಸಿ ನೋಡಿದಾಗ ಶ್ರವಣ ಚಿಕಿತ್ಸೆಯಿಂದ ಬುದ್ಧಿಶಕ್ತಿಯ ಇಳಿತದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂಥ ಇಳಿತದ ಅಪಾಯ ಮೊದಲೇ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಇಳಿತ ನಿಧಾನವಾಯಿತು. ಈ ಎರಡೂ ಮಾತುಗಳನ್ನು ಒಟ್ಟಿಗೆ ಹೇಳಬೇಕು. ಮನೆಮಂದಿಯೊಡನೆ ಮಾತನಾಡಲು ಸಾಧನ ನೆರವಾಗುತ್ತದೆ ಎಂಬ ನಿಜವೇ ಅದನ್ನು ಕೊಳ್ಳಲು ಸಾಕಷ್ಟು ದೊಡ್ಡ ಕಾರಣವಾಗಿರುವಾಗ ಹೆದರಿಸುವ ಅಗತ್ಯವಾದರೂ ಏನು?

ಇನ್ನು ಬೆಲೆ. ಡಬ್ಬಿಯ ಮೇಲಿನ ಗರಿಷ್ಠ ಬೆಲೆಯನ್ನು ತೋರಿಸಿ, ಅರ್ಧದಷ್ಟು ರಿಯಾಯಿತಿ ಕೊಟ್ಟಂತೆ ಮಾಡಿ, ಆ ಅರ್ಧದೊಳಗೆ ಪರೀಕ್ಷೆಯ ಶುಲ್ಕ, ಹೊಂದಾಣಿಕೆಯ ಶುಲ್ಕ, ಕಳುಹಿಸಿದವರಿಗೆ ಕೊಡುವ ಕಮಿಷನ್ ಎಲ್ಲವನ್ನೂ ಅಡಗಿಸುವ ರೂಢಿ ಎಲ್ಲರಿಗೂ ಗೊತ್ತಿರುವುದೇ. ಸಾಧನದ ಬೆಲೆಯನ್ನು, ನಮ್ಮ ಶ್ರಮದ ಶುಲ್ಕವನ್ನು ಬಿಲ್ಲಿನಲ್ಲಿ ಬೇರೆಬೇರೆಯಾಗಿ ಬರೆದರೆ ರೋಗಿಗೆ ತಾನು ಯಾವುದಕ್ಕೆ ಎಷ್ಟು ಕೊಡುತ್ತಿದ್ದೇನೆಂದು ತಿಳಿಯುತ್ತದೆ, ನಮ್ಮ ಕೌಶಲಕ್ಕೂ ಅದರದೇ ಬೆಲೆ ಸಿಗುತ್ತದೆ. ಕಮಿಷನ್ ಕೊಡುವುದೂ ತೆಗೆದುಕೊಳ್ಳುವುದೂ ತಪ್ಪು. ಆ ಹಣ ಕೊನೆಗೆ ಹೋಗುವುದು ರೋಗಿಯ ಜೇಬಿನಿಂದ. ಆದಾಯ ಕಡಿಮೆಯಿರುವವರಿಗೆ ಅಂಗವಿಕಲರಿಗೆ ನೆರವಿನ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಗುತ್ತದೆ, ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್‌ಗೂ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಸಾಧನಕ್ಕೂ) ಅದರಡಿ ನೆರವಿದೆ. ಈ ಮಾಹಿತಿ ಕೊಟ್ಟರೆ ಒಂದು ಮಾರಾಟ ತಪ್ಪುತ್ತದೆಂದು ಗೊತ್ತಿದ್ದೂ ಕೊಡಲೇಬೇಕು.

ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಬರುವವರ ಒತ್ತಡ ಬೇರೆ ಬಗೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಮಾತಿನ ಧ್ವನಿಗಳ ವ್ಯಾಪ್ತಿಯಲ್ಲಿ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ದೋಷವಿರುವವರನ್ನು ಮಂದಶ್ರವಣದವರೆಂದೂ 70 ಡೆಸಿಬೆಲ್ ದೋಷವಿರುವವರನ್ನು ಕಿವುಡರೆಂದೂ ಗುರುತಿಸುತ್ತದೆ. ಗುಂಡಿ ಒತ್ತುವುದು ಕುಳಿತವರ ಕೈಯಲ್ಲಿರುವುದರಿಂದ, ಅನುಮಾನ ಬಂದಾಗ ಅವರ ಉತ್ತರವನ್ನು ಅವಲಂಬಿಸದ, ಧ್ವನಿಗೆ ಶ್ರವಣ ನರ ಮತ್ತು ಮಿದುಳುಕಾಂಡ ಪ್ರತಿಕ್ರಿಯಿಸುವುದನ್ನು ಅಳೆಯುವ ಎಬಿಆರ್‌ನಂಥ ಪರೀಕ್ಷೆಯ ಫಲಿತಾಂಶವನ್ನು ಜೊತೆಗಿಟ್ಟು ನೋಡಬೇಕು. ಕರುಣೆಯಿಂದ ಬರೆದುಕೊಟ್ಟ ಒಂದು ಸುಳ್ಳು ಸಂಖ್ಯೆ, ನಿಜವಾಗಿಯೂ ಕೇಳಿಸದ ಇನ್ನೊಬ್ಬರ ಮೀಸಲು ಸ್ಥಾನವನ್ನು ಕಸಿಯುತ್ತದೆ.

ಪದವಿ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರುವ ಕಿರಿಯರಿಗೆ ವಿಶೇಷವಾಗಿ ಹೇಳಬೇಕಾದದ್ದಿದೆ. ಸರಣಿ ಕೇಂದ್ರಗಳನ್ನು ನಡೆಸುವ ಮಾಲೀಕರು ತಿಂಗಳಿಗೆ ಇಂತಿಷ್ಟು ಸಾಧನ ಮಾರಬೇಕೆಂಬ ಗುರಿ ಕೊಡುತ್ತಾರೆ, ಸಂಬಳದ ಒಂದು ಭಾಗವನ್ನು ಅದಕ್ಕೆ ಕಟ್ಟುತ್ತಾರೆ. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲೇ ಆ ಷರತ್ತು ಇದೆಯೇ ಎಂದು ಕೇಳಿ. ಇದ್ದರೆ ಮಾರಾಟದ ಬದಲು ಮರುಭೇಟಿಗಳ ಸಂಖ್ಯೆ, ಸಾಧನವನ್ನು ಆರು ತಿಂಗಳ ನಂತರವೂ ಬಳಸುತ್ತಿರುವವರ ಪ್ರಮಾಣ ಇವನ್ನು ಅಳತೆಯಾಗಿ ಇಡಲು ಕೋರಿ. ಒಪ್ಪುವ ಮಾಲೀಕರು ಇದ್ದಾರೆ, ಏಕೆಂದರೆ ಪೆಟ್ಟಿಗೆಯಲ್ಲಿ ಉಳಿದುಹೋದ ಸಾಧನದ ಒಡೆಯರು ಅದೇ ಕೇಂದ್ರಕ್ಕೆ ಇನ್ನೊಬ್ಬರನ್ನು ಕಳುಹಿಸುವುದಿಲ್ಲವೆಂದು ಅವರಿಗೂ ಗೊತ್ತು. ಒಪ್ಪದಿದ್ದರೂ, ನೀವು ಸಹಿ ಹಾಕಿದ ಪ್ರತಿಯೊಂದು ಆಡಿಯೋಗ್ರಾಂನ ಪ್ರತಿಯನ್ನು ರೋಗಿ ಕೊಂಡರೂ ಕೊಳ್ಳದಿದ್ದರೂ ಅವರ ಕೈಗೆ ಕೊಟ್ಟು ಕಳುಹಿಸಿ. ಅದನ್ನು ಹಿಡಿದು ಅವರು ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಬಹುದು, ಹಾಗೆ ಕೇಳುವುದು ಅವರ ಹಕ್ಕೆಂದು ನೀವೇ ಅವರಿಗೆ ತಿಳಿಸಬಹುದು.